ಮಲ್ಲಿಗೆ ಮೊಗ್ಗು ನೇರಳೆಯಾಗಿ ಉದುರುತ್ತಿದೆ: ತಪ್ಪು ಬಿಸಿಲಿನದೇ?

ಪ್ರಶ್ನೆ: ನಾವು ಶಿರಾ ತಾಲ್ಲೂಕಿನವರು. ಮನೆಯವರೇ ನೋಡಿಕೊಳ್ಳುವ ಅರ್ಧ ಎಕರೆ ದುಂಡುಮಲ್ಲಿಗೆ ಇದೆ. ಗಿಡಕ್ಕೆ ಐದು ವರ್ಷ. ಬೋರ್‌ವೆಲ್ ನೀರು, ಡ್ರಿಪ್ ಇದೆ. ಯುಗಾದಿಯಿಂದ ಹೂ ಚೆನ್ನಾಗಿಯೇ ಬರುತ್ತಿತ್ತು. ಈಗ ಮದುವೆಗಳ ಕಾಲ, ರೇಟು ಇರುವಾಗಲೇ ಮೊಗ್ಗು ದಪ್ಪವಾಗದೆ ನೇರಳೆ ಬಣ್ಣಕ್ಕೆ ತಿರುಗಿ ಉದುರುತ್ತಿದೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಔಷಧಿ ಅಂಗಡಿಯವರು ಕೊಟ್ಟ ಎರಡು ಬಾಟಲಿ ಬೆರೆಸಿ ವಾರಕ್ಕೊಮ್ಮೆ ಸಂಜೆ ಹೊಡೆಯುತ್ತಿದ್ದೇವೆ, ಗುಣ ಕಂಡಿಲ್ಲ. ಬಿಸಿಲಿನ ಝಳಕ್ಕೆ ಹೀಗಾಗಿದೆ, ನೆರಳು ಬಲೆ ಹಾಕಿ ಎನ್ನುತ್ತಾರೆ ಪಕ್ಕದ ತೋಟದವರು. ಮಧ್ಯಾಹ್ನ ನೀರು ಬಿಟ್ಟು ಬೇರು ಬೆಂದಿದೆ ಎಂದು ಮಾವ. ನಾನು ಮುಟ್ಟಾದ ದಿನಗಳಲ್ಲೂ ತೋಟಕ್ಕೆ ಇಳಿದದ್ದೇ ಕಾರಣ ಎಂದು ಅತ್ತೆ. ಬೆಳಗಿನ ಜಾವ ನಾಲ್ಕೂವರೆಗೆ ಹೂ ಬಿಡಿಸಲು ಹೋಗುತ್ತೇವೆ. ಶಾಲೆಗೆ ರಜೆಯಾದ್ದರಿಂದ ಮಕ್ಕಳೂ ಬರುತ್ತಾರೆ. ಕೆಲವು ದಿನ ಬಿಡಿಸಿ ಬಂದ ಮೇಲೆ ನನಗೆ ತಲೆನೋವು, ವಾಕರಿಕೆ. ಬಿಸಿಲಿಗೇ ಇರಬೇಕು. ಗಿಡ ಕಿತ್ತು ಚೆಂಡುಹೂ ಹಾಕೋಣ ಎನ್ನುತ್ತಿದ್ದಾರೆ ಯಜಮಾನರು. ಏನು ಮಾಡಲಿ?

ಉತ್ತರ: ಗಿಡ ಕೀಳಬೇಡಿ. ದುಂಡುಮಲ್ಲಿಗೆ ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿಯೂ ಹೂ ಕೊಡುವ ಗಿಡ. ಐದನೇ ವರ್ಷವೆಂದರೆ ಅದಕ್ಕೆ ತುಂಬು ಪ್ರಾಯ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ: ಮೊಗ್ಗಿನದು, ಎಲೆಯದು, ನಿಮ್ಮ ತಲೆನೋವಿನದು. ಮನೆಯವರೂ ನೆರೆಯವರೂ ಸೇರಿ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿದ್ದಾರೆ, ಉಳಿದದ್ದನ್ನು ನಿಮ್ಮ ತಲೆಗೆ. ಬೇಸಿಗೆಯಲ್ಲಿ ಹೂವಿನ ತೋಟಗಳಿಗೆ ಹೋದಾಗಲೆಲ್ಲ ನಾನು ಮೊದಲು ಕೇಳುವ ಮಾತೇ ‘ಬಿಸಿಲು ಜಾಸ್ತಿ ಸಾರ್’ ಎಂಬುದು. ಬಹಳ ಸಲ ಅದನ್ನು ಪಕ್ಕಕ್ಕಿಟ್ಟರೆ ಮಾತ್ರ ನಿಜವಾದ ಕಾರಣ ಕಣ್ಣಿಗೆ ಬೀಳುತ್ತದೆ.

ತಲೆನೋವಿನಿಂದ ಶುರು ಮಾಡುತ್ತೇನೆ, ಏಕೆಂದರೆ ಮೊಗ್ಗು ನಾಲ್ಕು ದಿನ ಕಾಯಬಹುದು, ಇದು ಕಾಯುವುದಿಲ್ಲ. ನೀವು ತೋಟಕ್ಕೆ ಇಳಿಯುವುದು ನಾಲ್ಕೂವರೆಗೆ. ಎಂಟು ಗಂಟೆಯೊಳಗೆ ಹೂ ಬಸ್ಸಿಗೆ ಹೋಗಿರುತ್ತದೆ. ಆ ಹೊತ್ತಿನಲ್ಲಿ ಬಿಸಿಲೆಲ್ಲಿದೆ? ಗೋಡೆಯ ಕ್ಯಾಲೆಂಡರಿನಲ್ಲಿ ಔಷಧಿ ಹೊಡೆದ ದಿನಕ್ಕೆ ಒಂದು ಗುರುತು ಹಾಕಿ, ತಲೆನೋವು ಬಂದ ದಿನಕ್ಕೆ ಇನ್ನೊಂದು ಗುರುತು ಹಾಕಿ. ಎರಡನೆಯದು ಮೊದಲನೆಯದರ ಮಾರನೆಯ ದಿನವೇ ಬೀಳುತ್ತಿದ್ದರೆ ಅದು ಬಿಸಿಲಲ್ಲ, ಔಷಧಿ. ಸಂಜೆ ಹೊಡೆದದ್ದು ರಾತ್ರಿಯಿಡೀ ಎಲೆ ಮೊಗ್ಗಿನ ಮೇಲೆ ಕೂತಿರುತ್ತದೆ. ಬೆಳಗಿನ ತೇವದಲ್ಲಿ ಬರಿಗೈಯಿಂದ ಸಾವಿರಾರು ಮೊಗ್ಗು ಬಿಡಿಸುವಾಗ ಅದು ಬೆರಳಿಗೆ, ಅಲ್ಲಿಂದ ಮುಖಕ್ಕೆ, ಬಾಯಿಗೆ ಬರುತ್ತದೆ. ಹೂ ಕಟ್ಟುವಾಗ ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸುವ ಅಭ್ಯಾಸವಿದ್ದರೆ ನೇರವಾಗಿಯೇ ಬಾಯಿಗೆ.

ಮೇ ತಿಂಗಳಿನಲ್ಲಿ ಈ ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಸುಲಭ, ಅಪಾಯಕಾರಿಯೂ ಹೌದು. ಬಿಸಿಲು ಬಡಿದರೂ ತಲೆನೋವು, ವಾಂತಿ, ಸುಸ್ತು. ರಂಜಕದ ಸಂಯುಕ್ತವಿರುವ ಕೀಟನಾಶಕಗಳ ವಿಷ ಏರಿದರೂ ಅವೇ. ಆದರೆ ವಿಷವಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಬಹುದು, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ನೋಟ ಮಸುಕು, ಮಾಂಸಖಂಡ ಅದುರುವುದು. ಇವು ಕಂಡರೆ ಮಜ್ಜಿಗೆ ಕುಡಿಸಿ ನೆರಳಲ್ಲಿ ಮಲಗಿಸಿ ಕಾಯಬೇಡಿ. ಬಟ್ಟೆ ಬದಲಿಸಿ, ಮೈಯನ್ನು ಸೋಪು ಹಾಕಿ ತೊಳೆದು, ಔಷಧಿ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಕೋಲಿನೆಸ್ಟರೇಸ್ ಪರೀಕ್ಷೆ ಮಾಡಿದರೆ ವೈದ್ಯರಿಗೆ ಸುಳಿವು ಸಿಗುತ್ತದೆ. ಬಾಟಲಿಯ ಮೇಲಿನ ತ್ರಿಕೋನದ ಬಣ್ಣ ಇವತ್ತೇ ನೋಡಿ. ಕೆಂಪು ಅತಿ ಹೆಚ್ಚು ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಮಕ್ಕಳು ಬಿಡಿಸುವ ತೋಟಕ್ಕೆ ಕೆಂಪು ತ್ರಿಕೋನ ಬರಲೇಕೂಡದು. ಹಳದಿಯನ್ನೂ ನಾನು ಒಪ್ಪುವುದಿಲ್ಲ.

ಇನ್ನು ಮೊಗ್ಗು. ಮಲ್ಲಿಗೆಗೆ ಬಿಸಿಲು ಶತ್ರುವಲ್ಲ. ಅದು ಹೂ ಬಿಡುವುದೇ ಬಿಸಿಲಿನ ಬಲದಿಂದ. ಮಾರ್ಚಿನಿಂದ ಏರುವ ಬೆಳಕು, ಬಿಸಿಗೇ ನಿಮ್ಮ ಗಿಡ ಯುಗಾದಿಗೆ ತುಂಬಿ ಬಂದದ್ದು. ಆದ್ದರಿಂದ ನೆರಳು ಬಲೆಗೆ ದುಡ್ಡು ಸುರಿಯಬೇಡಿ. ನೆರಳಾದರೆ ಮಲ್ಲಿಗೆ ಎಲೆ ಬಿಟ್ಟು, ಉದ್ದುದ್ದ ಬಳ್ಳಿಯಾಗಿ, ಮೊಗ್ಗು ಕಡಿಮೆ ಮಾಡುತ್ತದೆ. ತೀರಾ ಬಿಸಿಲಾದರೆ ಮೊಗ್ಗು ಸ್ವಲ್ಪ ಸಣ್ಣದಾಗಬಹುದು, ಬೇಗ ಅರಳಬಹುದು. ನೇರಳೆಯಾಗುವುದಿಲ್ಲ. ಜಾಜಿಯ ಮೊಗ್ಗಿನ ಹೊರಮೈಯಲ್ಲಿ ನಸುಗೆಂಪು ಸಹಜ, ದುಂಡುಮಲ್ಲಿಗೆಯಲ್ಲಿ ಅಲ್ಲ.

ನೀವು ಬರೆದ ಲಕ್ಷಣ, ಅಂದರೆ ಮೊಗ್ಗು ಬೆಳೆಯದೆ, ಬಣ್ಣ ತಿರುಗಿ ಉದುರುವುದು, ಮೊಗ್ಗು ನೊಣದ ಕೆಲಸದಂತೆ ಕಾಣುತ್ತದೆ. ನೊಣ ಎಂದರೆ ಮನೆನೊಣ ಅಂದುಕೊಳ್ಳಬೇಡಿ. ಇದು ಸೊಳ್ಳೆಗಿಂತಲೂ ಚಿಕ್ಕದು, ಹುಡುಕಿದರೂ ಕಣ್ಣಿಗೆ ಬೀಳುವುದು ಕಷ್ಟ. ಎಳೆಯ ಮೊಗ್ಗಿನ ತುದಿಯಲ್ಲಿ ಮೊಟ್ಟೆ ತೂರಿಸುತ್ತದೆ. ಒಂದು ದಿನದಲ್ಲೇ ಮರಿ ಹೊರಬಂದು ಮೊಗ್ಗಿನೊಳಗೆ ಇಳಿದು, ಐದಾರು ದಿನ ಒಳಗಿನಿಂದಲೇ ತಿನ್ನುತ್ತದೆ. ಆಮೇಲೆ ಮೊಗ್ಗಿನಿಂದ ಹೊರಬಂದು ಮಣ್ಣಿಗೆ ಸೇರಿ, ಮೇಲ್ಪದರದಲ್ಲಿ ಎರಡು ಮೂರು ವಾರ ಕೋಶವಾಗಿ ಕೂರುತ್ತದೆ. ನೊಣವಾಗಿ ಎದ್ದ ಮೇಲೆ ಅದರ ಆಯಸ್ಸು ನಾಲ್ಕೈದು ದಿನವಷ್ಟೇ.

ಖಚಿತ ಮಾಡಿಕೊಳ್ಳಲು ಪ್ರಯೋಗಾಲಯ ಬೇಡ. ಗಿಡದ ಮೇಲೆಯೇ ಇರುವ ಒಂದು ಹಿಡಿ ನೇರಳೆ ಮೊಗ್ಗನ್ನು ಬಿಡಿಸಿ, ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ರಾತ್ರಿ ಮನೆಯೊಳಗೆ ನೆರಳಲ್ಲಿಡಿ. ಬೆಳಿಗ್ಗೆ ಕವರಿನ ಒಳಮೈಯಲ್ಲಿ ಬಿಳಿ ಅಥವಾ ತಿಳಿಹಳದಿಯ ಸಣ್ಣ ಹುಳುಗಳು ಕಾಣುತ್ತವೆ. ಕೆಲವು ಮೈ ಬಗ್ಗಿಸಿ ಟಪ್ಪನೆ ಹಾರುವುದೂ ಉಂಟು, ಮಕ್ಕಳಿಗೆ ಅದೇ ಒಂದು ಆಟ. ಅದರ ಬದಲು ಮೊಗ್ಗಿನಲ್ಲಿ ದುಂಡಗಿನ ತೂತು, ಹಿಕ್ಕೆ, ಎರಡು ಮೂರು ಮೊಗ್ಗು ನೂಲಿನಿಂದ ಅಂಟಿಕೊಂಡಿರುವುದು, ಒಳಗೆ ಒಂದೇ ದೊಡ್ಡ ಹುಳು ಕಂಡರೆ ಅದು ಮೊಗ್ಗು ಕೊರೆಯುವ ಹುಳು, ಒಂದು ಪತಂಗದ ಮರಿ. ಎರಡೂ ಒಟ್ಟಿಗೆ ಇರುವ ತೋಟಗಳೂ ಇವೆ. ಹುಳುವೇ ಇಲ್ಲದೆ, ಬಣ್ಣವೂ ತಿರುಗದೆ ಎಳೆಯ ಹಸಿರು ಮೊಗ್ಗು ಉದುರುತ್ತಿದ್ದರೆ ಆಗ ನೀರಿನ ಏರುಪೇರನ್ನು ಅನುಮಾನಿಸಿ.

ವಾರವಾರ ಹೊಡೆದರೂ ಏಕೆ ಗುಣವಾಗಿಲ್ಲ ಎಂಬುದು ಈಗ ನಿಮಗೇ ಹೊಳೆದಿರಬೇಕು. ಮರಿ ಮೊಗ್ಗಿನೊಳಗಿದೆ, ಕೋಶ ಮಣ್ಣಿನೊಳಗಿದೆ. ಔಷಧಿ ಎಲೆಯ ಮೇಲಿದೆ. ಮನೆಯೊಳಗಿದ್ದವನನ್ನು ಹಿಡಿಯಲು ದಿನವೂ ಬಾಗಿಲಿಗೆ ಹೊಡೆದಂತೆ. ಸಾಯುವುದು ಆ ಹೊತ್ತಿಗೆ ಹೊರಗೆ ಹಾರುತ್ತಿದ್ದ ನೊಣ, ಜೊತೆಗೆ ಜೇಡ, ಗುಲಗಂಜಿ ಹುಳುವಿನಂಥ ನಮ್ಮ ಕಡೆಯ ಜೀವಿಗಳು. ಅವು ಹೋದ ಮೇಲೆ ಏಳುವುದು ಕೆಂಪು ನುಸಿ. ಎಲೆಯ ಕೆಳಗೆ ಸಣ್ಣ ಜೇಡರಬಲೆಯಂತೆ ಕಾಣುತ್ತಿದೆಯೇ ನೋಡಿ. ಒಣ ಬೇಸಿಗೆಯಲ್ಲಿ ನುಸಿಗೆ ಹಬ್ಬ, ಅದರ ಮೇಲೆ ಕೆಲವು ಬಗೆಯ ಕೀಟನಾಶಕ ಪದೇ ಪದೇ ಬಿದ್ದರೆ ಇನ್ನೂ ಹೆಚ್ಚು.

ಹಾಗಾದರೆ ಕೆಲಸ ಎಲ್ಲಿ? ಗಿಡದ ಬುಡದಲ್ಲಿ. ನನ್ನ ಅನುಭವದಲ್ಲಿ ಮೊಗ್ಗು ನೊಣವನ್ನು ಹತೋಟಿಗೆ ತಂದ ಕುಟುಂಬಗಳೆಲ್ಲ ಪೊರಕೆಯಿಂದ ಗೆದ್ದವು, ಪಂಪಿನಿಂದಲ್ಲ. ಹೂ ಬಿಡಿಸುವಾಗ ಸೊಂಟಕ್ಕೆ ಇನ್ನೊಂದು ಚೀಲ ಕಟ್ಟಿಕೊಳ್ಳಿ. ಮಾರುವ ಮೊಗ್ಗು ಒಂದಕ್ಕೆ, ಬಣ್ಣ ತಿರುಗಿದ್ದು, ಸೊಟ್ಟಗಾದದ್ದು, ಮಾರಲಾಗದೆ ಅರಳಿಹೋದದ್ದು ಇನ್ನೊಂದಕ್ಕೆ. ಬಿಡಿಸಿದ ಮೇಲೆ ಬುಡದಲ್ಲಿ ಉದುರಿದ್ದನ್ನು ಗುಡಿಸಿ ತೆಗೆಯಿರಿ. ಇದನ್ನು ತಿಪ್ಪೆಗೆ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ, ಹುಳು ಅಲ್ಲಿಯ ಮಣ್ಣಿಗೆ ಇಳಿಯುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಬಯಲಿನಲ್ಲಿ ನಾಲ್ಕೈದು ದಿನ ಬಿಡಿ. ನೀವು ದೂರುತ್ತಿರುವ ಬಿಸಿಲು ಇಲ್ಲಿ ನಿಮ್ಮ ಕೂಲಿಯಾಳು. ಇದನ್ನು ಒಂದು ದಿನವೂ ತಪ್ಪಿಸದೆ ಕನಿಷ್ಠ ಒಂದು ತಿಂಗಳು ಮಾಡಬೇಕು. ನೊಣದ ಒಂದು ಸುತ್ತು ಮೂರರಿಂದ ನಾಲ್ಕು ವಾರದ್ದು. ಈಗಾಗಲೇ ಮಣ್ಣಿನಲ್ಲಿರುವುದು ಎದ್ದು ಬರುವವರೆಗೆ ಫಲ ಕಾಣುವುದಿಲ್ಲ. ಹತ್ತನೇ ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು.

ಜೊತೆಗೆ ಬುಡದ ಮಣ್ಣನ್ನು ಎರಡು ಬೆರಳಿನಷ್ಟು ಮಾತ್ರ ಕೆದಕಿ ಒಣಗಲು ಬಿಡಿ, ಬೇವಿನ ಹಿಂಡಿ ಬೆರೆಸಿ. ಆಳಕ್ಕೆ ಹೋದರೆ ಮೇಲ್ಬೇರು ಕಡಿದುಹೋಗುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ಹುಲ್ಲು, ತರಗು ಮುಚ್ಚಿ ಎಂದು ನಾವೇ ಎಲ್ಲ ಬೆಳೆಗೂ ಹೇಳುತ್ತೇವೆ. ಆದರೆ ನೊಣವಿರುವ ಮಲ್ಲಿಗೆ ತೋಟದಲ್ಲಿ ಆ ಮಾತನ್ನು ಸದ್ಯಕ್ಕೆ ಮರೆಯಿರಿ. ತರಗಿನ ಕೆಳಗಿನ ತಂಪು ಮಣ್ಣು ಕೋಶಕ್ಕೆ ಹೇಳಿ ಮಾಡಿಸಿದ ಜಾಗ, ಉದುರಿದ ಮೊಗ್ಗೂ ಅದರಲ್ಲಿ ಅಡಗಿಬಿಡುತ್ತದೆ. ದುಡ್ಡಿಗೆ ಅನುಕೂಲವಿದ್ದರೆ ಬೆಳ್ಳಿ-ಕಪ್ಪು ಮಲ್ಚಿಂಗ್ ಶೀಟನ್ನು ಬೆಳ್ಳಿ ಬಣ್ಣ ಮೇಲೆ ಬರುವಂತೆ ಹಾಸಬಹುದು. ಹುಳು ಮಣ್ಣಿಗೆ ಇಳಿಯದು, ಒಳಗಿದ್ದದ್ದು ಮೇಲೇಳದು, ಗುಡಿಸುವುದೂ ಸಲೀಸು. ತೊಂದರೆಯೆಂದರೆ ಐದು ವರ್ಷದ ಗಿಡದ ಬುಡಕ್ಕೆ ಸಂದಿಲ್ಲದಂತೆ ಹಾಸುವುದು ಸುಲಭವಲ್ಲ, ಹರಿದ ಹಾಳೆ ಮುಂದೆ ತೋಟದಲ್ಲಿ ಕಸವಾಗಿ ಉಳಿಯುತ್ತದೆ. ಅರ್ಧ ಎಕರೆಗೆ, ಮನೆಯ ಕೈಗಳೇ ಇರುವಾಗ, ನಾನಾಗಿದ್ದರೆ ಪೊರಕೆಯನ್ನೇ ಆರಿಸುತ್ತಿದ್ದೆ. ಸಾಲಿನ ನಡುವೆ ಮನೆಗೆಂದು ಬದನೆ, ಟೊಮೇಟೊ ಹಾಕಿದ್ದರೆ ತೆಗೆಯಿರಿ. ಈ ನೊಣ ಆ ಹೂಗಳಲ್ಲೂ ಸಂಸಾರ ಹೂಡಬಲ್ಲದು.

ಸಿಂಪಡಣೆ ಪೂರ್ತಿ ಬಿಡಬೇಕೆ? ಇಲ್ಲಿ ಮಲ್ಲಿಗೆಯ ಒಂದು ಸಂಕಟವಿದೆ. ಟೊಮೇಟೊ ಆದರೆ ಹೊಡೆದ ಮೇಲೆ ಬಾಟಲಿಯಲ್ಲಿ ಹೇಳಿದಷ್ಟು ದಿನ ಕಾದು ಕೊಯ್ಯಬಹುದು. ದಿನವೂ ಬಿಡಿಸುವ ಹೂವಿಗೆ ಆ ಕಾಯುವ ದಿನಗಳೇ ಇಲ್ಲ. ನಾಳೆ ಬೆಳಿಗ್ಗೆ ಬಿಡಿಸದಿದ್ದರೆ ಸಂಜೆಗೆ ಅರಳಿ ದುಡ್ಡು ಹೋಯಿತು. ಆದ್ದರಿಂದ ಸದ್ಯಕ್ಕೆ ಬೇವಿನ ಎಣ್ಣೆ ಸಾಕು. ಲೀಟರಿಗೆ 3 ಮಿಲಿ, ಬೆರೆಯಲು ಸ್ವಲ್ಪ ಸೋಪಿನ ದ್ರಾವಣ, ಸಂಜೆ ಬಿಸಿಲಿಳಿದ ಮೇಲೆ, ಎಲೆಯ ಕೆಳಮೈಗೂ ಬೀಳುವಂತೆ. ಇದು ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತದೆ, ನುಸಿಗೂ ತಕ್ಕಮಟ್ಟಿಗೆ ಆಗುತ್ತದೆ. ಪವಾಡ ನಿರೀಕ್ಷಿಸಬೇಡಿ. ನುಸಿಗೆ ಗಂಧಕ ಒಳ್ಳೆಯದೆಂದು ಯಾರಾದರೂ ಹೇಳಿಯಾರು. ಮಾತು ನಿಜ, ಆದರೆ ಶಿರಾದ ಮೇ ಬಿಸಿಲಿನಲ್ಲಿ ಗಂಧಕ ಎಲೆ ಸುಡುತ್ತದೆ, ಎಣ್ಣೆ ಹೊಡೆದ ಬೆನ್ನಿಗೇ ಗಂಧಕ ಬಿದ್ದರೆ ಇನ್ನೂ ಕೇಡು. ಮಳೆ ಬಂದು ತಂಪಾಗುವವರೆಗೆ ಅದನ್ನು ಮುಟ್ಟಬೇಡಿ. ಇದಕ್ಕೂ ಬಗ್ಗದೆ ರಾಸಾಯನಿಕವೇ ಬೇಕಾದರೆ ತೋಟವನ್ನು ಎರಡು ಪಾಲು ಮಾಡಿ. ಒಂದು ಪಾಲಿನ ಮೊಗ್ಗನ್ನೆಲ್ಲ ಚಿವುಟಿ ತೆಗೆದು, ಆ ಪಾಲಿಗೆ ಮಾತ್ರ ಹೊಡೆದು, ಹೊಸ ಮೊಗ್ಗು ಬಲಿಯುವವರೆಗೆ ಯಾರೂ ಕೈಯಿಡದೆ ಬಿಡಿ. ಯಾವ ಔಷಧಿ ಎಂಬುದನ್ನು ಅಂಗಡಿಯ ಕೌಂಟರಿನಲ್ಲಿ ತೀರ್ಮಾನಿಸಬೇಡಿ. ನಿಮ್ಮ ಜಿಲ್ಲೆಯಲ್ಲೇ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಆ ಪ್ಲಾಸ್ಟಿಕ್ ಕವರನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಎರಡು ಬಾಟಲಿ ಬೆರೆಸುವುದನ್ನು ಇವತ್ತಿಗೇ ನಿಲ್ಲಿಸಿ.

ಮಾವನವರ ನೀರಿನ ಮಾತಿಗೆ ಬರುತ್ತೇನೆ. ಡ್ರಿಪ್‌ನಲ್ಲಿ ಮಧ್ಯಾಹ್ನ ನೀರು ಬಿಟ್ಟರೆ ಬೇರು ಬೇಯುವುದಿಲ್ಲ. ಬಿಸಿಲಿಗೆ ಬಿದ್ದ ಕಪ್ಪು ಪೈಪಿನಲ್ಲಿ ನಿಂತ ನೀರು ಮೊದಲ ಕೆಲವು ನಿಮಿಷ ಬಿಸಿಯಾಗಿ ಬರುವುದು ಹೌದು. ಕೈಗೆ ಸುಡುವಂತಿದ್ದರೆ ಲೈನಿನ ಎಂಡ್ ಕ್ಯಾಪ್ ಬಿಚ್ಚಿ ಅಷ್ಟನ್ನು ಹೊರಗೆ ಹರಿಯಲು ಬಿಡಿ. ಎಲೆಯ ಮೇಲೆ ನಿಂತ ಹನಿ ಭೂತಗನ್ನಡಿಯಂತೆ ಸುಡುತ್ತದೆ ಎಂಬುದೂ ಮಲ್ಲಿಗೆಯಂಥ ನುಣುಪು ಎಲೆಗೆ ಸಲ್ಲದ ಮಾತು. ಗಡಸು ನೀರನ್ನು ಮೇಲಿಂದ ಚಿಮುಕಿಸಿದಾಗ ಬೀಳುವ ಬಿಳಿ ಕಲೆ ಉಪ್ಪಿನದು. ಬೆಳಿಗ್ಗೆಯೋ ರಾತ್ರಿಯೋ ಕೊಟ್ಟರೆ ಆವಿಯಾಗುವುದು ಕಡಿಮೆ, ಲಾಭ ಅಷ್ಟೇ. ತ್ರೀಫೇಸ್ ಕರೆಂಟು ಕೊಟ್ಟಾಗ ತಾನೆ ನೀವು ಮೋಟಾರು ಹಾಕುವುದು? ಅದು ಮಧ್ಯಾಹ್ನವೇ ಬಂದರೆ ಮಧ್ಯಾಹ್ನವೇ ಬಿಡಿ, ಯಾರ ಮಾತಿಗೂ ಗಿಡ ಒಣಗಿಸಬೇಡಿ. ‘ಒಣಗಿಸಿದರೆ ಹೂ ಹೆಚ್ಚು’ ಎಂಬುದು ನವೆಂಬರ್ ಕೊನೆಗೆ, ಗಿಡ ಸವರುವ ಮೊದಲು ನೀರು ಕಡಿಮೆ ಮಾಡುವ ಪದ್ಧತಿ. ಅದನ್ನು ಮೇ ತಿಂಗಳಿಗೆ ತಂದರೆ ಇರುವ ಮೊಗ್ಗೂ ಬೀಳುತ್ತದೆ. ಎರಡು ದಿನ ಬಿಟ್ಟು ಒಮ್ಮೆಲೇ ಹರಿಸುವುದಕ್ಕಿಂತ ದಿನಕ್ಕಿಷ್ಟು ಎಂದು ಸಮನಾಗಿ ಕೊಡುವುದು ಮುಖ್ಯ.

ಹಳದಿ ಎಲೆ ಬೇರೆಯೇ ಕಥೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಬೋರಿನ ಗಡಸು ನೀರು ವರ್ಷಗಟ್ಟಲೆ ಬಿದ್ದು ಮಣ್ಣು ಕ್ಷಾರವಾದಾಗ ಬೇರಿಗೆ ಅದನ್ನು ಹೀರಲಾಗುವುದಿಲ್ಲ. ಹಸಿರಾಗಲಿ ಎಂದು ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಅದು ಎಲೆಯನ್ನಷ್ಟೇ ಉಬ್ಬಿಸುತ್ತದೆ. ಅನ್ನಭೇದಿ (ಫೆರಸ್ ಸಲ್ಫೇಟ್) ಲೀಟರಿಗೆ 5 ಗ್ರಾಂ, ಜೊತೆಗೆ ಒಂದು ಗ್ರಾಂ ನಿಂಬೆಹುಳಿ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಹಸಿರು ಮರಳುವವರೆಗೆ ತಿಂಗಳಿಗೊಮ್ಮೆ. ಬಲಿತ ಮೊಗ್ಗಿನ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ, ಆದ್ದರಿಂದ ಮಾರನೆಯ ದಿನ ಹೂ ಕಡಿಮೆಯಿರುವ ಹೊತ್ತು ನೋಡಿ. ಮಳೆಗಾಲದಲ್ಲಿ ಗಿಡಕ್ಕೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಕೊಡುವುದೇ ಇದಕ್ಕೆ ನಿಲ್ಲುವ ಮದ್ದು. ಒಂದು ಗಿಡದ ಬದಿಯಲ್ಲಿ ಅಗೆದು ಬೇರನ್ನೂ ನೋಡಿ. ಗಂಟು ಗಂಟಾಗಿದ್ದರೆ ಜಂತುಹುಳುವೂ (ಮಣ್ಣಿನಲ್ಲಿದ್ದು ಬೇರಿಗೆ ಹತ್ತುವ, ಕಣ್ಣಿಗೆ ಕಾಣದ ಹುಳು, ನೆಮಟೋಡ್) ಇದೆ.

ಅತ್ತೆಯವರ ಮಾತಿಗೆ ಯಾವ ಆಧಾರವೂ ಇಲ್ಲ. ಮುಟ್ಟಿಗೂ ಮಲ್ಲಿಗೆಗೂ ಸಂಬಂಧವಿಲ್ಲ. ದೊಡ್ಡ ತೋಟಗಳಲ್ಲಿ ಬೆಳಗಿನ ಜಾವ ಕೂಲಿಗೆ ಇಳಿಯುವ ಹೆಂಗಸರನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಅಲ್ಲಿ ಹೂ ಬರುತ್ತಲೇ ಇದೆ. ಆ ಮೂರು ದಿನ ನೋವಿಗೆ ನಿಮಗೇ ವಿಶ್ರಾಂತಿ ಬೇಕೆನಿಸಿದರೆ ತೆಗೆದುಕೊಳ್ಳಿ, ಅದು ಬೇರೆ ವಿಷಯ. ಆದರೆ ಗಿಡ ಹಾಳಾಯಿತೆಂಬ ಹೊರೆ ಹೊರಬೇಡಿ. ವಾದಕ್ಕೆ ಇಳಿದರೆ ಮನೆ ಬಿಸಿಯಾಗುತ್ತದೆ. ಹುಳುವಿರುವ ಕವರನ್ನು ಅತ್ತೆಯವರ ಕೈಗೆ ಕೊಡಿ. ನೇರಳೆ ಮೊಗ್ಗು ಆರಿಸುವುದರಲ್ಲಿ ಹಳೆಯ ಕಣ್ಣು ನಮ್ಮೆಲ್ಲರಿಗಿಂತ ಚುರುಕು, ಆ ಎರಡನೇ ಚೀಲ ಅವರ ಸೊಂಟಕ್ಕೇ ಇರಲಿ.

ಮಕ್ಕಳು ಬರುವುದಾದರೆ ಔಷಧಿ ಹೊಡೆಯದ ಪಾಲಿಗೆ ಮಾತ್ರ. ಕಾಲಿಗೆ ಮುಚ್ಚಿದ ಚಪ್ಪಲಿ, ತಲೆಗೆ ಕಟ್ಟುವ ಟಾರ್ಚು ಕಡ್ಡಾಯ. ಮಲ್ಲಿಗೆಯ ವಾಸನೆಗೆ ಹಾವು ಬರುವುದಿಲ್ಲ. ಡ್ರಿಪ್ಪಿನ ತಂಪಿಗೆ ಕಪ್ಪೆ, ಇಲಿ ಬರುತ್ತವೆ, ಅವುಗಳ ಹಿಂದೆ ಕೊಳಕುಮಂಡಲ ಬರುತ್ತದೆ. ಬಿಡಿಸಿದ ಹೂವನ್ನು ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ ಬಸ್ಸಿನ ಮೇಲೆ ಹಾಕಿದರೆ ಮಂಡಿ ತಲುಪುವ ಹೊತ್ತಿಗೆ ಬೆಂದು ಕಂದಾಗಿರುತ್ತದೆ. ಒದ್ದೆ ಬಟ್ಟೆ ಹಾಸಿದ ಬುಟ್ಟಿ ಅಥವಾ ಗೋಣಿಚೀಲ ಸಾಕು.

ಯಜಮಾನರ ಚೆಂಡುಹೂವಿನ ಯೋಚನೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬೇರಿನಲ್ಲಿ ಗಂಟು ಕಂಡರೆ ಮಳೆ ಶುರುವಾದ ಮೇಲೆ ಸಾಲಿನ ನಡುವೆ ಚೆಂಡುಹೂ ಹಾಕಿ. ಅದರ ಬೇರು ಆ ಜಂತುಹುಳುವನ್ನು ತಗ್ಗಿಸುತ್ತದೆ, ನಾಲ್ಕು ಕಾಸೂ ಬರುತ್ತದೆ. ಮಲ್ಲಿಗೆಯನ್ನು ಕಿತ್ತು ಅದನ್ನೊಂದನ್ನೇ ನಂಬಿದರೆ, ಎಲ್ಲರ ಚೆಂಡುಹೂವೂ ಒಮ್ಮೆಗೇ ಮಾರುಕಟ್ಟೆಗೆ ಬಂದ ವಾರ ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ.

ಗಿಡಕ್ಕೆ ಒಂದು ಬಿಡುವು ಕೊಡಲೇಬೇಕೆನಿಸಿದರೆ ಮದುವೆ ಕಾಲ ಮುಗಿಯಲಿ. ಆಷಾಢದಲ್ಲಿ ಮದುವೆಯಿಲ್ಲ, ದರವೂ ಇಳಿಯುತ್ತದೆ. ಆಷಾಢ ಹುಟ್ಟುವ ಒಂದು ವಾರ ಮುಂಚೆ ಮೊಗ್ಗನ್ನೆಲ್ಲ ತೆಗೆದು, ಕೊಂಬೆಯ ತುದಿಗಳನ್ನು ಹಗುರವಾಗಿ ಕತ್ತರಿಸಿ, ಬುಡ ಗುಡಿಸಿ, ಗೊಬ್ಬರ ಕೊಡಿ. ಮೊಗ್ಗೇ ಇಲ್ಲದ ತೋಟದಲ್ಲಿ ಮಣ್ಣಿನಿಂದೆದ್ದ ನೊಣಕ್ಕೆ ಮೊಟ್ಟೆಯಿಡಲು ಜಾಗವಿರುವುದಿಲ್ಲ. ಆಷಾಢದ ಶುಕ್ರವಾರಗಳ ದರ ತಪ್ಪುತ್ತದೆ, ನಿಜ. ಮಳೆ ಕೈಕೊಟ್ಟರೆ ಚಿಗುರು ತಡವಾಗುವ ಅಪಾಯವೂ ಇದೆ. ಆದರೆ ಎಲ್ಲ ಸರಿಹೋದರೆ ಹೊಸ ಚಿಗುರಿನ ಮೊಗ್ಗು ವರಮಹಾಲಕ್ಷ್ಮಿ ಹಬ್ಬದ ಆಸುಪಾಸಿಗೆ ಕೈಗೆ ಬರುತ್ತದೆ. ಗಿಡವನ್ನು ಗಟ್ಟಿಯಾಗಿ ಸವರುವ ಕೆಲಸ ಎಂದಿನಂತೆ ನವೆಂಬರ್ ಕೊನೆಗೇ ಇರಲಿ.